ದಿನಕ್ಕೊಂದು ಜಡೆ

ಹೆಡ್ ಮೇಡಂ ದೊಡ್ಡಮ್ಮನನ್ನು ಯಾವತ್ತೂ ಅವಳ ಹೆಸರಿನಿಂದ ಕರೆದವರಲ್ಲ. ಅವಳಿಗಿಂತ ಮೊದಲು ಆ ಶಾಲೆಯ ನೆಲ ಒರೆಸುತ್ತಿದ್ದವಳ ಹೆಸರು ಹಿಡಿದೇ ಕೂಗುತ್ತಿದ್ದರು. ಆ ಮೊದಲಿನವಳು ಗಿಡ್ಡಗೆ, ದಪ್ಪಗೆ, ಒಂದು ಕಾಲು ಎಳೆದು ನಡೆಯುತ್ತಿದ್ದವಳು. ದೊಡ್ಡಮ್ಮನೋ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕಡ್ಡಿಯಂತೆ ಸಣಕಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೆರಡು ಸಲ ತಿದ್ದಿ ನೋಡಿದಳು. ಮೇಡಂ ‘ಹೌದಲ್ಲ’ ಎಂದು ನಕ್ಕು ಮರುಗಳಿಗೆಯೇ ಹಳೆಯ ಹೆಸರನ್ನು ಕೂಗಿದರು. ಆ ಹೆಸರಿಗೆ ‘ಬಂದೆ ಮೇಡಂ’ ಎನ್ನುವುದೂ ನೆಲ ಒರೆಸಿದ ಹಾಗೆ ಇನ್ನೊಂದು ಕೆಲಸ ಎಂದುಕೊಂಡು ದೊಡ್ಡಮ್ಮ ಸುಮ್ಮನಾದಳು. ಇಬ್ಬರಲ್ಲೂ ಹೋಲುತ್ತಿದ್ದದ್ದು ಚರ್ಮದ ಬಣ್ಣ ಒಂದೇ. ಮೇಡಂ ಅವರಿಗೆ ಅಷ್ಟು ಗುರುತು ಸಾಕಾಗಿತ್ತು.

ದೊಡ್ಡಮ್ಮನ ಜನ ಇದ್ದದ್ದು ಬಂದರುಕೇರಿಯಲ್ಲಿ. ಅವರ ಮುತ್ತಜ್ಜಂದಿರನ್ನು ಯಾವುದೋ ಕಾಲದಲ್ಲಿ ಹಡಗಿನ ಮೂಟೆ ಹೊರಲು ಸಮುದ್ರದ ಆಚೆಯಿಂದ ಕರೆತಂದಿದ್ದರು. ಮೂಟೆ ಎತ್ತುವ ಯಂತ್ರಗಳು ಬಂದವು, ಮುತ್ತಜ್ಜಂದಿರು ತೀರಿಕೊಂಡರು, ಮೊಮ್ಮಕ್ಕಳು ಊರಿನ ಭಾಷೆಯಲ್ಲೇ ಜಗಳವಾಡುತ್ತ, ಅದರಲ್ಲೇ ಕನಸು ಕಾಣುತ್ತ ಬೆಳೆದರು. ಆದರೂ ‘ನೀವು ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತೀರಿ’ ಎಂದು ಮೇಲ್ಬೀದಿಯವರು ಇವತ್ತಿಗೂ ಅವರ ಬೆನ್ನು ತಟ್ಟುತ್ತಾರೆ. ಕಪ್ಪು ಚರ್ಮ, ಬಾಚಣಿಗೆಗೆ ಬಗ್ಗದ ಸುರುಳಿ ಕೂದಲು, ಇಷ್ಟು ಕಂಡರೆ ಸಾಕು, ಮೇಲ್ಬೀದಿಯವರ ಕಣ್ಣು ಅಲ್ಲಿಗೆ ನಿಂತುಬಿಡುತ್ತದೆ. ಅದರ ಹಿಂದೆ ಒಂದು ಮುಖವೂ ಇದೆ ಎಂದು ಹುಡುಕುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ?

ಕೇರಿಯ ಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಲೇಬೇಕು ಎಂದು ಕಾನೂನು ಬಂದಾಗ ಮೇಲ್ಬೀದಿಯ ಶಾಲೆ ಅದನ್ನು ತುಂಬು ಗೌರವದಿಂದ ಪಾಲಿಸಿತು. ಸೇರಿಸಿಕೊಂಡಿತು. ಸೇರಿಸಿಕೊಂಡು, ಹಿತ್ತಿಲಿನ ಹಳೆಯ ಸೈಕಲ್ ಶೆಡ್ಡಿಗೆ ಸುಣ್ಣ ಹೊಡೆಸಿ, ‘ತಯಾರಿ ತರಗತಿ’ ಎಂದು ಬೋರ್ಡು ಬರೆಸಿ, ದೊಡ್ಡವರು ಚಿಕ್ಕವರು ಎನ್ನದೆ ಅಷ್ಟೂ ಮಕ್ಕಳನ್ನು ಅಲ್ಲಿ ಕೂರಿಸಿತು. ಮಕ್ಕಳು ಒಳಗಿನ ತರಗತಿಗಳಿಗೆ ತಯಾರಾಗುವವರೆಗೆ ಅಲ್ಲಿರಬೇಕು. ತಯಾರಾದರೋ ಇಲ್ಲವೋ ಎಂದು ನೋಡುವವರು ಯಾರು, ಯಾವಾಗ ನೋಡುತ್ತಾರೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಆ ಶೆಡ್ಡಿನಿಂದ ಒಂದು ಮಗುವೂ ಒಳಗೆ ಹೋಗಿರಲಿಲ್ಲ. ಏಳನೆಯ ತರಗತಿಯ ಪರೀಕ್ಷೆ ಪಾಸಾದರೆ ಮಾತ್ರ ಹೈಸ್ಕೂಲಿನ ಬಾಗಿಲು. ಶೆಡ್ಡಿನ ಮಕ್ಕಳು ಅಕ್ಷರ ತಿದ್ದುತ್ತ ತಿದ್ದುತ್ತ ದೊಡ್ಡವರಾಗಿ ನೇರ ಮೀನಿನ ಕಾರ್ಖಾನೆಗೆ ಹೋಗಿ ಡಬ್ಬಿ ತುಂಬುತ್ತಿದ್ದರು. ಬಹುಶಃ ತಯಾರಿ ನಡೆದದ್ದು ಅದಕ್ಕೇ.

ಶೆಡ್ಡಿಗಿದ್ದ ಶಿಕ್ಷಕಿಗೆ ಮಕ್ಕಳು ಇಟ್ಟ ಹೆಸರು ಹೆಣಿಗೆ ಮಿಸ್. ಬೆಳಿಗ್ಗೆ ಬೋರ್ಡಿನ ಮೇಲೆ ಒಂದು ಸಾಲು ಬರೆದು ಕೂತರೆ ಸಂಜೆಯವರೆಗೆ ಕಡ್ಡಿ ಆಡಿಸುತ್ತಿದ್ದರು. ಇದನ್ನೂ ಹೇಳಿಬಿಡಬೇಕು, ಚಳಿ ಬಿದ್ದಾಗ ಮಕ್ಕಳಿಗೆಲ್ಲ ಒಂದೊಂದು ಟೋಪಿ ಹೆಣೆದುಕೊಟ್ಟವರೂ ಅವರೇ. ಪಾಠ ಹೇಳುವುದು ಬಿಟ್ಟು ಉಳಿದ ಎಲ್ಲ ವಿಷಯದಲ್ಲೂ ಒಳ್ಳೆಯ ಹೆಂಗಸು.

ಬೆಣಚಿ ಆ ಶೆಡ್ಡಿನ ಹುಡುಗಿ. ದೊಡ್ಡಮ್ಮನ ತಂಗಿಯ ಮಗಳು. ಬೆಣಚುಕಲ್ಲಿನಂತೆ ಎಲ್ಲಿ ತಗುಲಿದರೂ ಕಿಡಿ ಹಾರಿಸುತ್ತಾಳೆ ಎಂದು ಅವಳ ಅಪ್ಪ ಇಟ್ಟ ಅಡ್ಡಹೆಸರು. ಬೋರ್ಡಿನ ಮೇಲಿನ ಸಾಲನ್ನು ಅವಳು ಊಟದ ಗಂಟೆಯೊಳಗೆ ಮುಗಿಸಿ, ಉಳಿದ ಹೊತ್ತು ಒಳಗಿನ ತರಗತಿಗಳ ಕಿಟಕಿಯಿಂದ ಬರುವ ದನಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಆ ವರ್ಷ ಅವಳಿಗೆ ಏಳನೆಯ ತರಗತಿಯ ವಯಸ್ಸು. ಅದು ಕಳೆದರೆ ಮುಂದೆ ಇದ್ದೇ ಇದೆ, ಮೀನಿನ ಡಬ್ಬಿ.

ಆ ವರ್ಷವೇ ಶಾಲೆಗೆ ಒಂದು ಆಸೆ ಹುಟ್ಟಿತು. ಎಲ್ಲ ಜನರ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸುವ ಶಾಲೆಗಳಿಗೆ ಸರ್ಕಾರ ಹಿತ್ತಾಳೆಯ ಫಲಕ ಕೊಡುತ್ತದಂತೆ. ಫಲಕದ ಜೊತೆ ಹೊಸ ಕಟ್ಟಡಕ್ಕೆ ಅನುದಾನ. ಹೆಡ್ ಮೇಡಂ ಸುದ್ದಿ ಕೇಳಿದವರೇ ಮೊದಲು ಮಾಡಿದ ಕೆಲಸ ಎಂದರೆ ಮುಂಬಾಗಿಲ ಗೋಡೆಗೆ ಫಲಕದ ಅಳತೆಗೆ ಮೊಳೆ ಹೊಡೆಸಿದ್ದು. ಎರಡನೆಯ ಕೆಲಸವಾಗಿ ಶಿಕ್ಷಕರ ಸಭೆ ಕರೆದರು. ದೊಡ್ಡಮ್ಮ ಆ ಸಭೆಗೆ ಚಹಾ ಕೊಡುತ್ತಿದ್ದಳು. ಅವಳಿಗೆ ಕೇಳಿಸಬಹುದು ಎಂದು ಯಾರಿಗೂ ಅನಿಸಲಿಲ್ಲ. ಕುರ್ಚಿ ಮೇಜುಗಳಿಗೂ ಕೇಳಿಸುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ಯೋಜನೆ ಬಹಳ ಸರಳವಾಗಿತ್ತು. ತನಿಖೆಯ ಸಾಹೇಬರು ತರಗತಿ ತರಗತಿಗೂ ಬರುತ್ತಾರೆ. ತರಗತಿಗೆ ಮೂವರಂತೆ ಕೇರಿಯ ಮಕ್ಕಳು ಕಾಣಬೇಕು. ಅಷ್ಟೂ ತರಗತಿಗೆ ಮೂರು ಮೂರು ಎಂದರೆ ಶೆಡ್ಡನ್ನೇ ಒಳಗೆ ತಂದಂತಾಯಿತು, ಮೇಲ್ಬೀದಿಯ ತಾಯಂದಿರು ಬಿಟ್ಟಾರೆಯೇ? ಆದ್ದರಿಂದ ನೋಡಲು ಚೊಕ್ಕಟವಾದ ಮೂವರು ಹುಡುಗಿಯರನ್ನು ಆರಿಸುವುದು. ಸಾಹೇಬರು ಒಂದು ತರಗತಿ ಮುಗಿಸಿ ಮುಂದಿನ ಮೆಟ್ಟಿಲ ಮೇಲೆ ನಿಧಾನಕ್ಕೆ, ಗೋಡೆಯ ಚಿತ್ರಗಳನ್ನು ನೋಡುತ್ತ, ಅಲ್ಲಲ್ಲಿ ಚಹಾ ಕುಡಿಯುತ್ತ ಹತ್ತುವಷ್ಟರಲ್ಲಿ, ಅದೇ ಮೂವರನ್ನು ಹಿಂದಿನ ಮೆಟ್ಟಿಲಿನಿಂದ ಓಡಿಸಿ ಮುಂದಿನ ತರಗತಿಯಲ್ಲಿ ಕೂರಿಸುವುದು.

ಚಿತ್ರಕಲೆಯ ಮೇಷ್ಟ್ರು ಒಬ್ಬರಿಗೆ ಅನುಮಾನ ಬಂತು. “ಅದೇ ಮಕ್ಕಳು ಅಂತ ಅವರಿಗೆ ಗೊತ್ತಾಗಲ್ವಾ ಮೇಡಂ?”

“ನಿಮಗೆ ಗೊತ್ತಾಗುತ್ತಾ?” ಎಂದರು ಹೆಡ್ ಮೇಡಂ.

ದಿನವಿಡೀ ಮುಖಗಳನ್ನು ಬರೆಯುವುದು ಹೇಳಿಕೊಡುವ ಮನುಷ್ಯ ಚಹಾದ ಕಪ್ಪಿನೊಳಗೆ ನೋಡತೊಡಗಿದರು. ಸಭೆ ಅಲ್ಲಿಗೆ ಮುಗಿಯಿತು.

ಆದರೂ ಎಚ್ಚರಿಕೆ ಇರಲಿ ಎಂದು ಮೇಡಂ ದೊಡ್ಡಮ್ಮನಿಗೆ ಬಾಚಣಿಗೆ ಕೊಟ್ಟು ಅಪ್ಪಣೆ ಮಾಡಿದರು. ತರಗತಿ ಬದಲಾದ ಹಾಗೆ ತಲೆಯೂ ಬದಲಾಗಬೇಕು. ಒಂದರಲ್ಲಿ ಎರಡು ಜಡೆ, ಇನ್ನೊಂದರಲ್ಲಿ ಒಂದೇ ಜಡೆ, ಮತ್ತೊಂದರಲ್ಲಿ ಹೇರ್‌ಬ್ಯಾಂಡು. “ಬೇರೆ ಏನೂ ಬೇಡ,” ಎಂದರು. “ಜನ ನೋಡೋದು ಅಷ್ಟೇ.”

ಆರಿಸಿದ ಮೂವರು ಬೆಣಚಿ, ಉದ್ದಿ, ಗುಬ್ಬಿ. ಉದ್ದಿ ಬೆಣಚಿಗಿಂತ ಒಂದು ತಲೆ ಎತ್ತರ, ಉಗುರು ಕಚ್ಚುವವಳು. ಗುಬ್ಬಿ ಇಬ್ಬರ ಸೊಂಟಕ್ಕೆ ಬರುವವಳು, ಮುಂದಿನ ಹಲ್ಲು ಬಿದ್ದು ಇನ್ನೂ ಬಂದಿರಲಿಲ್ಲ. ಇಂಥ ಮೂವರನ್ನು ಎರಡನೆಯ ತರಗತಿಯಿಂದ ಏಳನೆಯದರವರೆಗೆ ಎಲ್ಲಿ ಬೇಕಾದರೂ ಕೂರಿಸಬಹುದು ಎಂದು ಮೇಡಂ ಅವರಿಗೆ ಅನಿಸಿತು ಎಂದರೆ, ಅವರು ಆ ಮಕ್ಕಳನ್ನು ಎಷ್ಟು ಗಮನವಿಟ್ಟು ನೋಡಿದ್ದರು ಎಂಬುದು ತಿಳಿಯುತ್ತದೆ.

ತನಿಖೆಯ ದಿನ ದೊಡ್ಡಮ್ಮ ಹಿಂದಿನ ಮೆಟ್ಟಿಲಿನ ತಿರುವಿನಲ್ಲಿ ಕೂತು ಜಡೆ ಬಿಚ್ಚಿ ಜಡೆ ಹೆಣೆದಳು. ಮಕ್ಕಳು ನಗು ತಡೆಯಲಾರದೆ ಮುಖ ಮುಚ್ಚಿಕೊಂಡು ಓಡಿದರು. ಗಂಟೆ ಬಾರಿಸುವ ಮುದುಕ ಆ ಮೆಟ್ಟಿಲ ಬಾಗಿಲಿಗೆ ಒಂದು ಕಲ್ಲು ಇಟ್ಟು ತೆರೆದೇ ಇರುವಂತೆ ನೋಡಿಕೊಂಡ. ಯಾರೂ ಹೇಳಿರಲಿಲ್ಲ, ಮಕ್ಕಳ ಕೈ ಸಿಕ್ಕಿಕೊಂಡೀತು ಎಂದು ಅವನಿಗೇ ಹೊಳೆದಿತ್ತು. ಸಾಹೇಬರು ಪ್ರತಿ ತರಗತಿಯಲ್ಲೂ ಗುಬ್ಬಿಯ ಕೆನ್ನೆ ತಟ್ಟಿದರು. ಪ್ರತಿ ತರಗತಿಯಲ್ಲೂ ಬೆಣಚಿಯನ್ನು ಎಬ್ಬಿಸಿ ನಿಲ್ಲಿಸಿ, ದೊಡ್ಡವಳಾದ ಮೇಲೆ ಏನಾಗುತ್ತೀಯಮ್ಮ ಎಂದು ಕೇಳಿದರು. ಅವಳು ಒಂದು ಕಡೆ ನರ್ಸ್ ಎಂದಳು, ಒಂದು ಕಡೆ ಹಡಗು ನಡೆಸುತ್ತೇನೆ ಎಂದಳು, ಬೇಸರ ಬಂದು ಕೊನೆಗೆ, “ಸ್ಕೂಲ್ ತನಿಖೆ ಮಾಡ್ತೀನಿ ಸರ್,” ಎಂದುಬಿಟ್ಟಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಒಬ್ಬೊಬ್ಬರಲ್ಲೂ ಒಂದೊಂದು ಕನಸು’ ಎಂದು ಕಣ್ಣು ಒದ್ದೆ ಮಾಡಿಕೊಂಡರಂತೆ. ಕನಸು ಬೇರೆ ಬೇರೆ ಎಂದು ಕಂಡಿತು, ಮುಖ ಒಂದೇ ಎಂದು ಕಾಣಲಿಲ್ಲ.

ಹೊರಡುವಾಗ ಅವರು ಒಂದು ಮಾತು ಹೇಳಿಹೋದರು. ಫಲಕ ಈಗಲೇ ಇಲ್ಲ. ಮೇಲಿನ ತರಗತಿಯವರೆಗೆ ಈ ಮಕ್ಕಳು ಉಳಿದುಕೊಳ್ಳುತ್ತಾರೋ ಎಂಬುದು ಮುಖ್ಯ. ವರ್ಷದೊಳಗೆ ಯಾವತ್ತಾದರೂ, ಹೇಳದೆ ಕೇಳದೆ ಬಂದು ನೇರ ಏಳನೆಯ ತರಗತಿಗೆ ಹೋಗಿ ನೋಡುತ್ತೇನೆ.

ಹೆಡ್ ಮೇಡಂ ಮುಖ ಹರಳೆಣ್ಣೆ ಕುಡಿದಂತಾಯಿತು. ಒಂದು ದಿನದ ನಾಟಕ ಬೇರೆ, ವರ್ಷವಿಡೀ ಆಡುವುದು ಬೇರೆ. ಯೋಚಿಸಿ ಯೋಚಿಸಿ, ದಿನಕ್ಕೊಬ್ಬಳಂತೆ ಕೇರಿಯ ಒಂದು ಹುಡುಗಿಯನ್ನು ಏಳನೆಯ ತರಗತಿಯಲ್ಲಿ ಕೂರಿಸು ಎಂದು ದೊಡ್ಡಮ್ಮನಿಗೆ ಹೇಳಿದರು. “ದಿನಾ ಬೇರೆಯವಳನ್ನ ತರಬೇಕು, ತಿಳೀತಾ? ಒಬ್ಬಳನ್ನೇ ತಂದರೆ ಅಲ್ಲೇ ಅಭ್ಯಾಸ ಆಗಿಬಿಡುತ್ತೆ. ಆಮೇಲೆ ಎಬ್ಬಿಸೋದು ಕಷ್ಟ.”

ಕಲಿಯುವ ಮಗುವಿಗೆ ತರಗತಿಯಲ್ಲಿ ಕೂರುವುದು ಅಭ್ಯಾಸವಾಗಿಬಿಟ್ಟೀತು ಎಂದು ಹೆದರಿದ ಶಿಕ್ಷಕಿಯನ್ನು ದೊಡ್ಡಮ್ಮ ಅಲ್ಲಿಯವರೆಗೆ ಕಂಡಿರಲಿಲ್ಲ. ತಲೆ ಆಡಿಸಿದಳು.

ಮೊದಲ ವಾರ ಹೇಳಿದಂತೆಯೇ ನಡೆಯಿತು. ಆ ವಾರದ ಕೊನೆಗೆ ಶೆಡ್ಡಿನ ಹುಡುಗಿಯರು ದೊಡ್ಡಮ್ಮನನ್ನು ಸುತ್ತುವರಿದರು. ಒಬ್ಬಳಿಗೆ ಲೆಕ್ಕದ ಬುಡ ಗೊತ್ತು, ತುದಿ ಗೊತ್ತಿಲ್ಲ. ಇನ್ನೊಬ್ಬಳಿಗೆ ತುದಿ ಕೇಳಿಸಿದೆ, ಬುಡ ಇಲ್ಲ. ಮರವನ್ನು ಹತ್ತದೆಯೇ ಅದರ ನೆರಳನ್ನು ಅಳೆದು ಎತ್ತರ ಹೇಳುವುದು ಹೇಗೆ ಎಂದು ಲೆಕ್ಕದ ಮೇಷ್ಟ್ರು ಬೆಣಚಿ ಹೋದ ದಿನ ಶುರುಮಾಡಿದ್ದರು, ಮರುದಿನ ಮುಗಿಸಿದ್ದರು. ಮರುದಿನ ಹೋದವಳು ಗುಬ್ಬಿ. ಅವಳಿಗೆ ನೆನಪಿದ್ದದ್ದು ಮರ ಒಂದೇ.

ಉದ್ದಿಯೇ ಮಾತೆತ್ತಿದಳು. “ದೊಡ್ಡಮ್ಮಾ, ಎಲ್ರೂ ಒಂದೊಂದು ತುತ್ತು ತಿಂದ್ರೆ ಯಾರ ಹೊಟ್ಟೆನೂ ತುಂಬಲ್ಲ. ಇವಳನ್ನೇ ದಿನಾ ಕಳಿಸು. ಇವಳು ಬಂದು ನಮಗೆ ಹೇಳಲಿ.”

“ನಿನ್ನ ಪಾಳಿ?” ಎಂದಳು ದೊಡ್ಡಮ್ಮ.

“ನಂಗೆ ಇವಳ ಮೇಲೆ ಕೋಪ ಇದೆ,” ಎಂದಳು ಉದ್ದಿ ಉಗುರು ಕಚ್ಚುತ್ತ. “ಆದ್ರೂ ಇವಳನ್ನೇ ಕಳಿಸು. ಕೇಳಿದ್ದನ್ನ ಬೇಗ ಹಿಡ್ಕೊಳ್ತಾಳೆ.”

ದೊಡ್ಡಮ್ಮ ಲೆಕ್ಕ ಹಾಕಿದಳು. ಗೊತ್ತಾದರೆ ತನ್ನ ಕೆಲಸ ಹೋಗುತ್ತದೆ, ಹೋಗಲಿ. ಹುಡುಗಿಯನ್ನು ಮೋಸಗಾತಿ ಎಂದು ಶಾಲೆಯಿಂದಲೇ ಹೊರಹಾಕುತ್ತಾರೆ. ಶೆಡ್ಡೂ ಇಲ್ಲ, ಏಳನೆಯದೂ ಇಲ್ಲ. ಆದರೆ ಹೆಡ್ ಮೇಡಂ ಚಿತ್ರಕಲೆಯ ಮೇಷ್ಟ್ರಿಗೆ ಕೇಳಿದ ಪ್ರಶ್ನೆ ಅವಳ ಕಿವಿಯಲ್ಲಿ ಇನ್ನೂ ಇತ್ತು. ನಿಮಗೆ ಗೊತ್ತಾಗುತ್ತಾ? ಸರಿ, ನೋಡಿಯೇಬಿಡೋಣ, ಎಷ್ಟು ಗೊತ್ತಾಗುತ್ತದೋ.

ಹೀಗೆ ಬೆಣಚಿ ಏಳನೆಯ ತರಗತಿಗೆ ದಿನವೂ ಹೋಗತೊಡಗಿದಳು. ಯಾರೂ ಏನೂ ಕೇಳಲಿಲ್ಲ. ಚರಿತ್ರೆಯ ಮಿಸ್ ಅವಳನ್ನು ಪ್ರತಿ ದಿನ ಬೆಳಿಗ್ಗೆ, “ಇವತ್ತು ನಿನ್ನ ಪಾಳಿಯಾ? ಹೆದರ್ಕೋಬೇಡ, ಸುಮ್ಮನೆ ಕೂತ್ಕೋ,” ಎಂದು ಹೊಸಬಳಂತೆ ಸಮಾಧಾನ ಮಾಡುತ್ತಿದ್ದರು. ಇದು ತಿಂಗಳುಗಟ್ಟಲೆ ನಡೆಯಿತು. ಬೆಣಚಿ ಅವರ ದನಿಯನ್ನು ಶೆಡ್ಡಿನಲ್ಲಿ ಹಾಗೇ ಅನುಕರಿಸಿ ತೋರಿಸಿದಾಗ ಹೆಣಿಗೆ ಮಿಸ್ ಕೂಡ ಒಂದು ಕುಣಿಕೆ ತಪ್ಪಿಸಿ ನಕ್ಕರಂತೆ.

ಅವಳನ್ನು ಕೂರಿಸಿದ್ದು ಕಿಟಕಿ ಪಕ್ಕದ ಬೆಂಚಿನಲ್ಲಿ, ಶಾಲಾ ಸಮಿತಿಯ ಅಧ್ಯಕ್ಷರ ಮಗಳ ಪಕ್ಕ. ಸಾಹೇಬರು ಬಂದರೆ ಆ ಜೋಡಿ ಚೆನ್ನಾಗಿ ಕಾಣುತ್ತದೆ ಎಂದು ಮೇಡಂ ಅವರ ಲೆಕ್ಕ. ಅಧ್ಯಕ್ಷರ ಮಗಳು ಮಾತು ಕಡಿಮೆಯ ಹುಡುಗಿ. ಮೊದಮೊದಲು ಬೆಂಚಿನ ಆ ತುದಿಗೆ ಸರಿದು ಕೂರುತ್ತಿದ್ದವಳು ಒಂದು ದಿನ ಏನೂ ಹೇಳದೆ ತನ್ನ ಪುಸ್ತಕವನ್ನು ಬೆಂಚಿನ ನಡುವೆ ಇಟ್ಟಳು. ಬೆಣಚಿಗೆ ಪುಸ್ತಕ ಕೊಟ್ಟಿರಲಿಲ್ಲ. ಒಂದು ದಿನಕ್ಕೆ ಬರುವವರಿಗೆ ಪುಸ್ತಕ ಏಕೆ? ಅವತ್ತಿನಿಂದ ಆ ಪುಸ್ತಕ ನಡುವೆಯೇ ಇರುತ್ತಿತ್ತು. ಪುಟ ತಿರುವುವ ಮೊದಲು ಅವಳು ಬೆಣಚಿಯ ಮುಖ ನೋಡಿ, ಓದಿ ಆಯಿತೇ ಎಂದು ಕಾಯುತ್ತಿದ್ದಳು. ಊಟದ ಗಂಟೆಯಲ್ಲಿ ಬೆಣಚಿ ಶೆಡ್ಡಿಗೆ ಓಡಿಬಂದು, ಕೇಳಿದ್ದಷ್ಟನ್ನೂ ನೆಲದ ಮೇಲೆ ಸುಣ್ಣದ ಚೂರಿನಿಂದ ಬರೆದು ಉಳಿದವರಿಗೆ ಹೇಳುತ್ತಿದ್ದಳು. ಉದ್ದಿ ಕೇಳುವ ಅಡ್ಡಪ್ರಶ್ನೆಗಳಿಗೆ ಉತ್ತರ ಹೇಳಲಾರದೆ, ಅದನ್ನು ತಿಳಿದುಕೊಂಡು ಬರಲಿಕ್ಕೆಂದೇ ಮರುದಿನ ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದಳು.

ಕುತ್ತು ಬಂದದ್ದು ಶತ್ರುವಿನಿಂದಲ್ಲ, ಒಳ್ಳೆಯವರಿಂದ. ಲೆಕ್ಕದ ಮೇಷ್ಟ್ರು ನಿವೃತ್ತಿಗೆ ಹತ್ತಿರವಾದ, ಯಾರಿಗೂ ಗಟ್ಟಿಯಾಗಿ ಬಯ್ಯದ ಮನುಷ್ಯ. ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ, ಶಿಕ್ಷಕರ ಕೋಣೆಯಲ್ಲಿ ಎಲ್ಲರೆದುರು ಸಂತೋಷ ತಡೆಯಲಾರದೆ, ಕೇರಿಯ ಹುಡುಗಿಯೊಬ್ಬಳು ಬಹಳ ಚೆನ್ನಾಗಿ ಲೆಕ್ಕ ಮಾಡುತ್ತಾಳೆ, ಕೈಬರಹ ನೋಡಿದರೆ ಮೊದಲಿನಿಂದಲೂ ಒಬ್ಬಳೇ ಇರಬೇಕು, ಅಧ್ಯಕ್ಷರ ಮಗಳಿಗಿಂತ ನಾಲ್ಕು ಹೆಜ್ಜೆ ಮುಂದೆ ಎಂದು ಹೊಗಳಿದರು. ಪಾಪ, ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದರು. ದೊಡ್ಡಮ್ಮ ಅಲ್ಲೇ ನೆಲ ಒರೆಸುತ್ತಿದ್ದಳು.

ಹೆಡ್ ಮೇಡಂ ಕನ್ನಡಕ ತೆಗೆದರು. “ಒಬ್ಬಳೇನಾ? ಯಾವಳು ಅವಳು?”

ಮೇಷ್ಟ್ರು ತಬ್ಬಿಬ್ಬಾದರು. “ನಾನು ಬೋರ್ಡ್ ನೋಡಿ ಪಾಠ ಮಾಡೋನು ಮೇಡಂ. ಮುಖ ನೋಡಿ ಮಾಡೋನಲ್ಲ.”

ಅದೇ ಮಧ್ಯಾಹ್ನ ಶೆಡ್ಡಿನ ದೊಡ್ಡ ಹುಡುಗಿಯರನ್ನೆಲ್ಲ ಮೇಡಂ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದರು. ಗುಬ್ಬಿಯನ್ನೂ ಸೇರಿಸಿದ್ದರು. ಎಲ್ಲರಿಂದ ಒಂದು ಸಾಲು ಬರೆಸಿ ಕೈಬರಹ ನೋಡಬಹುದಿತ್ತು, ಆದರೆ ಶೆಡ್ಡಿನವರೂ ಬರೆಯುತ್ತಾರೆ ಎಂಬುದು ಮೇಡಂ ಅವರಿಗೆ ಹೊಳೆಯಲಿಲ್ಲ. ದೊಡ್ಡಮ್ಮನನ್ನು ಪ್ರತ್ಯೇಕ ಕರೆದು ಕೇಳಿದಾಗ ಅವಳು, “ದಿನಾ ಬೇರೆಯವರನ್ನೇ ಕಳಿಸಿದ್ದೀನಿ ಮೇಡಂ,” ಎಂದು ಕಣ್ಣು ಮಿಟುಕಿಸದೆ ಹೇಳಿದ್ದಳು. ಅವಳನ್ನು ಮೇಡಂ ನಂಬಲಿಲ್ಲ; ನಂಬದಿರಲೂ ಇಲ್ಲ. ಅವಳು ಅಷ್ಟು ಧೈರ್ಯ ಮಾಡುವಷ್ಟು ಬುದ್ಧಿವಂತೆ ಎಂದು ಅವರಿಗೆ ಅನಿಸಲಿಲ್ಲ. ಹುಡುಗಿಯರದೇ ಏನೋ ಕಿತಾಪತಿ ಎಂದು ತೀರ್ಮಾನಿಸಿದ್ದರು. ಸಿಕ್ಕವಳನ್ನು ಇವತ್ತೇ ಮನೆಗೆ ಕಳಿಸಿ, ಮತ್ತೆ ಗೇಟಿನೊಳಗೆ ಕಾಲಿಡದಂತೆ ಮಾಡುತ್ತೇನೆ ಎಂದೂ ಹೇಳಿದರು.

ಲೆಕ್ಕದ ಮೇಷ್ಟ್ರು ಸಾಲಿನ ಮುಂದೆ ಆ ತುದಿಯಿಂದ ಈ ತುದಿಗೆ ನಡೆದರು. ಬೆಣಚಿಯ ಹುಬ್ಬಿನ ಗಾಯದ ಗೀರಿನ ಮೇಲೆ, ಉದ್ದಿಯ ಎತ್ತರದ ಮೇಲೆ, ಗುಬ್ಬಿಯ ಬೋಡು ಬಾಯಿಯ ಮೇಲೆ ಅವರ ಕಣ್ಣು ಹಾದುಹೋಯಿತು, ಎಲ್ಲೂ ನಿಲ್ಲಲಿಲ್ಲ. ಅರ್ಧ ವರ್ಷ ಎದುರಿಗೆ ಕೂತು ಅವರ ಲೆಕ್ಕ ಮಾಡಿದ ಹುಡುಗಿ ಅವರ ಮೂಗಿನ ಕೆಳಗೇ ನಿಂತಿದ್ದಳು. ಅವರು ಉದ್ದಿಯತ್ತ ಬೆರಳು ತೋರಿಸಿದರು. ಆಮೇಲೆ ಅಲ್ಲ ಎಂದರು. ಆಮೇಲೆ, ದೇವರೇ, ಗುಬ್ಬಿಯತ್ತ ತೋರಿಸಿದರು. ಆಮೇಲೆ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ದೊಡ್ಡಮ್ಮನಿಗೆ ಆ ಕ್ಷಣದಲ್ಲಿ ನೆಮ್ಮದಿಯೂ ಆಯಿತು, ಹೇಸಿಗೆಯೂ ಆಯಿತು. ಒಳ್ಳೆಯ ಮನುಷ್ಯನೇ. ಯಾರ ಮೇಲೂ ಕೈ ಎತ್ತಿದವನಲ್ಲ. ಕಣ್ಣನ್ನೂ ಎತ್ತಿದವನಲ್ಲ.

ಆಗ ಹೆಡ್ ಮೇಡಂ ಅವರಿಗೆ ಅಧ್ಯಕ್ಷರ ಮಗಳ ನೆನಪಾಯಿತು. ಕರೆಸಿದರು.

ಇನ್ನು ಉಳಿಗಾಲವಿಲ್ಲ ಎಂದುಕೊಂಡಳು ದೊಡ್ಡಮ್ಮ. ದೊಡ್ಡವರ ಕಣ್ಣಿಗೆ ಮಣ್ಣೆರಚಬಹುದು. ಪಕ್ಕದಲ್ಲೇ ಕೂತು ಒಂದೇ ಪುಸ್ತಕದಿಂದ ಓದಿದ ಮಗುವಿಗೆ ಹೇಗೆ ಎರಚುವುದು? ಹುಡುಗಿ ಬಂದು ಬಾಗಿಲ ಬಳಿ ನಿಂತಳು. ಸಾಲಿನ ಕಡೆ ನೋಡಿದಳು. ಅವಳ ಕಣ್ಣು ಬೆಣಚಿಯ ಮೇಲೆ ಬಿದ್ದು ಒಂದು ಗಳಿಗೆ ಅಲ್ಲೇ ನಿಂತಿತು. ಆ ಕೋಣೆಯಲ್ಲಿ ಅದು ನಿಂತದ್ದನ್ನು ಕಂಡವಳು ದೊಡ್ಡಮ್ಮ ಒಬ್ಬಳೇ.

“ಹೇಳಮ್ಮಾ,” ಎಂದರು ಮೇಡಂ ಬೆಣ್ಣೆಯಂಥ ದನಿಯಲ್ಲಿ. “ದಿನಾ ನಿನ್ನ ಪಕ್ಕ ಕೂರ್ತಿದ್ದವಳು ಇವರಲ್ಲಿ ಯಾರು? ನಿನಗೇನೂ ಆಗಲ್ಲ.”

“ಗೊತ್ತಿಲ್ಲ ಮಿಸ್,” ಎಂದಳು ಹುಡುಗಿ. “ಇವರೆಲ್ಲ ಒಂದೇ ಥರ ಕಾಣ್ತಾರಲ್ವಾ?”

ಮೇಡಂ ಏನೆಂದಾರು? ಅದು ಅವರದೇ ಮಾತು. ಅವರ ಊಟದ ಮೇಜಿನ ಮಾತು, ಅಧ್ಯಕ್ಷರ ಮನೆಯ ಮಾತು, ಇಡೀ ಮೇಲ್ಬೀದಿ ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು. ಅದನ್ನು ಸುಳ್ಳು ಎನ್ನುವುದಾದರೆ ಮೊದಲು ತಾವು ಆ ಸಾಲಿನಲ್ಲಿ ಒಂದು ಮುಖವನ್ನು ಗುರುತಿಸಿ ತೋರಿಸಬೇಕಿತ್ತು. ಅವರು ಒಮ್ಮೆ ಸಾಲಿನ ಕಡೆ ತಿರುಗಿ ಪ್ರಯತ್ನಪಟ್ಟದ್ದನ್ನು ದೊಡ್ಡಮ್ಮ ನೋಡಿದಳು. ಅಂಗಡಿಯ ಕಪಾಟಿನಲ್ಲಿಟ್ಟ ಒಂದೇ ಅಚ್ಚಿನ ಬಟ್ಟಲುಗಳನ್ನು ನೋಡಿದಂತೆ ನೋಡಿ, ಕೈಚೆಲ್ಲಿ, “ಹೋಗಿ ಎಲ್ಲರೂ,” ಎಂದರು.

ಹಿಂದಿನ ಮೆಟ್ಟಿಲ ಮೇಲೆ ಬೆಣಚಿ ಕೂತು ಅತ್ತಳು. ಸಿಕ್ಕಿಹಾಕಿಕೊಳ್ಳಲಿಲ್ಲ, ಬದುಕಿದೆವು ಎಂದು ಉದ್ದಿ ಎಷ್ಟು ಹೇಳಿದರೂ ಅಳು ನಿಲ್ಲಲಿಲ್ಲ. “ಮೇಷ್ಟ್ರು ಅಂದ್ರೆ ಅನ್ಲಿ. ಅವಳೂ ಹಾಗಂದ್ಬಿಟ್ಳಲ್ಲ,” ಎಂದಳು. ದೊಡ್ಡಮ್ಮ ತಾನು ಕಂಡದ್ದನ್ನು ಹೇಳಿದಳು. ಬೆಣಚಿ ನಂಬಲಿಲ್ಲ. ನಾಳೆಯಿಂದ ತಾನು ಹೋಗುವುದಿಲ್ಲ, ಯಾರನ್ನು ಬೇಕಾದರೂ ಕಳಿಸು ಎಂದು ಹಟ ಹಿಡಿದಳು. ಹೋಗಿ ಅವಳನ್ನೇ ಕೇಳು, ಆಮೇಲೆ ಬೇಕಾದರೆ ಬಿಡು ಎಂದು ದೊಡ್ಡಮ್ಮ ಮರುದಿನ ಬಲವಂತವಾಗಿ ಜಡೆ ಹೆಣೆದು ಕಳಿಸಿದಳು.

ಬೆಂಚಿನ ಹತ್ತಿರ ಹೋದಾಗ ಅಧ್ಯಕ್ಷರ ಮಗಳು ತನ್ನ ಚೀಲ ಎತ್ತಿಕೊಂಡು ಜಾಗ ಬಿಟ್ಟಳು. ಬೆಣಚಿ ಕೂರಲಿಲ್ಲ. “ನಿಜವಾಗ್ಲೂ ನಾವೆಲ್ಲ ಒಂದೇ ಥರಾನಾ?” ಎಂದು ನೆಟ್ಟಗೆ ಕೇಳಿದಳು.

“ನಿನ್ನ ಎಡಗಡೆ ಹುಬ್ಬಲ್ಲಿ ಗಾಯ ಇದೆ,” ಎಂದಳು ಅವಳು ಪುಸ್ತಕದಿಂದ ತಲೆ ಎತ್ತದೆ. “ಉದ್ದಕ್ಕಿರೋಳು ಉಗುರು ಕಚ್ತಾಳೆ. ಚಿಕ್ಕವಳಿಗೆ ಹಲ್ಲಿಲ್ಲ. ಅದಿರಲಿ, ಅವರು ನಂಬೋ ಮಾತು ನಂಗೆ ಬೇರೆ ಯಾವುದೂ ಗೊತ್ತಿರ್ಲಿಲ್ಲ. ಕೂತ್ಕೋ.”

ಇದನ್ನು ಬೆಣಚಿ ಸಂಜೆ ಬಂದು ಹೇಳಿದಾಗ ದೊಡ್ಡಮ್ಮ ಬಕೆಟ್ಟು ಕೆಳಗಿಟ್ಟಳು. ಆ ಹುಡುಗಿ ಆ ಮಾತನ್ನು ಎಷ್ಟು ಸಲ, ಯಾರ ಯಾರ ಬಾಯಿಂದ ಕೇಳಿ ಬೆಳೆದಿರಬೇಕು! ಅದನ್ನು ಹೀಗೂ ಬಳಸಬಹುದು ಎಂದು ಅವಳಿಗೆ ಹೊಳೆಯಿತಲ್ಲ.

ಆದರೆ ಹೆಡ್ ಮೇಡಂ ಸೋಲು ಒಪ್ಪುವ ಜಾತಿಯವರಲ್ಲ. ಸಾಹೇಬರು ಇನ್ನೂ ಬಂದಿರಲಿಲ್ಲ, ಆದ್ದರಿಂದ ಹುಡುಗಿಯನ್ನು ಕಳಿಸುವುದನ್ನು ನಿಲ್ಲಿಸುವಂತಿರಲಿಲ್ಲ. ಮೇಡಂ ಒಂದು ಉಪಾಯ ಹೂಡಿದರು. ಇನ್ನು ಮುಂದೆ ದಿನವೂ ತಾವೇ ಏಳನೆಯ ತರಗತಿಯ ಬಾಗಿಲಲ್ಲಿ ನಿಂತು, ಬಂದವಳು ಹಿಂದಿನ ದಿನದವಳಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. “ನನ್ನ ಕಣ್ಣು ತಪ್ಪಿಸೋಕಾಗಲ್ಲ,” ಎಂದು ದೊಡ್ಡಮ್ಮನಿಗೆ, ಆ ಹಳೆಯವಳ ಹೆಸರು ಹಿಡಿದೇ, ಹೇಳಿದರು.

ದೊಡ್ಡಮ್ಮ ಮೇಡಂ ಕೊಟ್ಟಿದ್ದ ಬಾಚಣಿಗೆಯನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಹಿಂದಿನ ಮೆಟ್ಟಿಲಿನ ತಿರುವಿನಲ್ಲಿ ದಿನಕ್ಕೊಂದು ಜಡೆ. ಒಂದು ದಿನ ಎರಡು ಜಡೆ, ಮರುದಿನ ಒಂದು. ಆಮೇಲೆ ಹೇರ್‌ಬ್ಯಾಂಡು, ಅದರ ಮರುದಿನ ನೆತ್ತಿಯ ಮೇಲೊಂದು ಗಂಟು. ಸುರುಳಿ ಕೂದಲು ಜಗ್ಗಿದರೆ ನೋಯುತ್ತದೆ. ಬೆಣಚಿ ಹಲ್ಲು ಕಚ್ಚಿಕೊಂಡು ಹಿಂದಿನ ದಿನದ ಪಾಠ ಒಪ್ಪಿಸುತ್ತಿದ್ದಳು. ಗಂಟೆ ಬಾರಿಸುವ ಮುದುಕ ಜಡೆ ಮುಗಿಯುವವರೆಗೆ ಹಗ್ಗ ಹಿಡಿದು ಕಾದು, ಆಮೇಲೆ ಗಂಟೆ ಹೊಡೆಯುತ್ತಿದ್ದ. ಶಾಲೆ ದಿನವೂ ಸ್ವಲ್ಪ ತಡವಾಗಿ ಶುರುವಾಗುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಹೆಡ್ ಮೇಡಂ ಮಾತಿಗೆ ತಪ್ಪಲಿಲ್ಲ. ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಕನ್ನಡಕ ಏರಿಸಿ, ಬೆಣಚಿಯನ್ನು ತಲೆಯಿಂದ ಶುರುಮಾಡಿ ತಲೆಯಲ್ಲೇ ಮುಗಿಸಿ ನೋಡುತ್ತಿದ್ದರು. ನಿನ್ನೆ ಎರಡು ಜಡೆ, ಇವತ್ತು ಒಂದು. ನಿನ್ನೆಯವಳಲ್ಲ. ತಲೆದೂಗಿ ಹೋಗುತ್ತಿದ್ದರು. ಒಂದು ದಿನ ದೊಡ್ಡಮ್ಮನನ್ನು ಮೆಚ್ಚಿಕೊಂಡರು ಕೂಡ: ಈಗ ಸರಿಯಾಗಿ ಪಾಳಿ ಹಾಕ್ತಿದ್ದೀಯ ನೋಡು!

ಸಾಹೇಬರು ಹೇಳದೆ ಕೇಳದೆ ಬರುವವರು, ಬರುವ ಹಿಂದಿನ ದಿನ ಫೋನ್ ಮಾಡಿಸಿ ಬಂದರು. ಬೆಣಚಿಯನ್ನು ನೋಡಿ ಸಂತೋಷಪಟ್ಟರು. ಈ ಮಗು ಪಬ್ಲಿಕ್ ಪರೀಕ್ಷೆ ಬರೆಯುತ್ತದೆ ತಾನೇ, ಅದಾದ ಮೇಲೇ ಫಲಕ ಎಂದರು. ಮೇಡಂ ಅವರಿಗೆ ಬೇರೆ ದಾರಿ ಇರಲಿಲ್ಲ, ಅಂಥ ಚಿಂತೆಯೂ ಇರಲಿಲ್ಲ. ಆ ದಿನ ಪಾಳಿಗೆ ಬಂದವಳು ಬರೆಯುತ್ತಾಳೆ, ಫೇಲಾಗುತ್ತಾಳೆ. ಬರೆಸಿದ್ದಕ್ಕೆ ಫಲಕ ಬರುತ್ತದೆ, ಫೇಲಾದದ್ದಕ್ಕೆ ಶೆಡ್ಡು ಉಳಿಯುತ್ತದೆ. ಪರೀಕ್ಷೆಗೆ ಹೆಸರು ಕಟ್ಟುವಾಗ ತಲೆ ಎತ್ತದೆ, “ಯಾರದಾದ್ರೂ ಒಂದು ಹೆಸರು ಹೇಳು,” ಎಂದು ದೊಡ್ಡಮ್ಮನನ್ನೇ ಕೇಳಿದರು. ದೊಡ್ಡಮ್ಮ ಬೆಣಚಿಗೆ ಅವಳ ತಾಯಿ ಇಟ್ಟ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಹೆಡ್ ಮೇಡಂ ಲೇಖನಿ ಕೇರಿಯವರ ಹೆಸರನ್ನು ತಪ್ಪಿಲ್ಲದೆ ಬರೆದದ್ದು ಅದೇ ಮೊದಲು.

ಉತ್ತರಪತ್ರಿಕೆಗಳನ್ನು ತಿದ್ದುವವರು ಬೇರೆ ಊರಿನವರು. ಅವರಿಗೆ ಮುಖವೂ ಕಾಣುವುದಿಲ್ಲ, ಜಡೆಯೂ ಕಾಣುವುದಿಲ್ಲ. ಬೆಣಚಿ ಪಾಸಾದಳು. ಲೆಕ್ಕದಲ್ಲಿ ಶಾಲೆಗೇ ಮೊದಲಿಗಳು ಅಧ್ಯಕ್ಷರ ಮಗಳು, ಎರಡನೆಯವಳು ಬೆಣಚಿ. ನೆರಳಿನ ಲೆಕ್ಕದಲ್ಲಿ ಅವಸರ ಮಾಡಿ ಒಂದು ಕಡೆ ತಪ್ಪಿದ್ದಳು. ಉದ್ದಿ ಅದಕ್ಕೆ ಅವಳನ್ನು ವಾರವಿಡೀ ಆಡಿಕೊಂಡಳು. ಆದರೂ ಹೈಸ್ಕೂಲಿನ ಬಾಗಿಲು ತೆರೆಯಲು ಅಷ್ಟು ಸಾಕಿತ್ತು.

ಫಲಕ ಬಂತು. ಮೊಳೆಗೆ ಸರಿಯಾಗಿ ಕೂತಿತು. ಸಮಾರಂಭದಲ್ಲಿ ಹೆಡ್ ಮೇಡಂ, ತಮ್ಮ ಶಾಲೆಗೆ ಪ್ರತಿಯೊಂದು ಮಗುವೂ ಒಂದೊಂದು ಮುಖ, ಒಂದೊಂದು ಕಥೆ ಎಂದು ಭಾಷಣ ಮಾಡಿದರು. ಲೆಕ್ಕದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ಕಣ್ಣಲ್ಲಿ ನೀರು. ಪ್ರಮಾಣಪತ್ರ ತೆಗೆದುಕೊಳ್ಳಲು ಬೆಣಚಿ ವೇದಿಕೆ ಹತ್ತಿದಳು. ಅವತ್ತು ಅವಳು ಜಡೆಯೇ ಹಾಕಿಸಿಕೊಂಡಿರಲಿಲ್ಲ, ಕೂದಲನ್ನು ಹಾಗೇ ಬಿಟ್ಟಿದ್ದಳು; ಅದು ತಲೆಯ ಸುತ್ತ ದೊಡ್ಡದಾಗಿ ಹರಡಿಕೊಂಡಿತ್ತು. ಮೇಡಂ ಪ್ರಮಾಣಪತ್ರ ಕೊಡುತ್ತ ಅವಳನ್ನು ನೋಡಿ ಒಂದು ಕ್ಷಣ ತಡೆದರು.

“ನಿನ್ನನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ?”

“ಇರಬಹುದು ಮೇಡಂ,” ಎಂದಳು ಬೆಣಚಿ.

ಮೆಟ್ಟಿಲ ಕೆಳಗೆ ನಿಂತಿದ್ದ ಅಧ್ಯಕ್ಷರ ಮಗಳು ಕೆಮ್ಮು ಬಂದವಳಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಫಲಕವನ್ನು ವರ್ಷ ವರ್ಷವೂ ಉಳಿಸಿಕೊಳ್ಳಬೇಕಂತೆ, ತನಿಖೆ ಮತ್ತೆ ಇರುತ್ತದಂತೆ. ಹೊಸ ವರ್ಷದ ತರಗತಿಗಳು ಶುರುವಾದ ದಿನ ಶೆಡ್ಡು ಹಾಗೇ ತುಂಬಿತ್ತು, ಹೆಣಿಗೆ ಮಿಸ್ ಬೋರ್ಡಿನ ಮೇಲೆ ಹಳೆಯ ಸಾಲನ್ನೇ ಬರೆದರು. ದೊಡ್ಡಮ್ಮ ಬೆಳಿಗ್ಗೆ ಫಲಕಕ್ಕೆ ಹುಣಿಸೆಹಣ್ಣು ಹಚ್ಚಿ ಉಜ್ಜಿ, ಕೈ ತೊಳೆದು, ಹಿಂದಿನ ಮೆಟ್ಟಿಲಿನ ತಿರುವಿಗೆ ಬಂದು ಕೂತಳು. ಉದ್ದಿ ಎರಡು ಮೆಟ್ಟಿಲು ಕೆಳಗೆ ಕೂತು ತಲೆ ಕೊಟ್ಟಳು. ಅವಳ ಉಗುರುಗಳು ಕಚ್ಚಿ ಕಚ್ಚಿ ಮೊಂಡಾಗಿದ್ದವು. ಮೇಲೆ ಮುದುಕ ಹಗ್ಗ ಹಿಡಿದು ಕಾಯುತ್ತಿದ್ದ.

“ಮೇಡಂಗೆ ಗೊತ್ತಾದ್ರೆ?” ಎಂದಳು ಉದ್ದಿ. “ನಾನು ಬೆಣಚಿಗಿಂತ ಇಷ್ಟು ಎತ್ತರ ಇದ್ದೀನಿ.”

“ಮೇಡಂ ನೋಡೋದು ಎಷ್ಟು ಜಡೆ ಅಂತ ಅಷ್ಟೇ,” ಎಂದು ದೊಡ್ಡಮ್ಮ ಬಾಚಣಿಗೆ ಆಡಿಸಿದಳು. “ಇವತ್ತು ಎರಡು. ಅಲ್ಲಾಡಬೇಡ.”